ಎಸಿ ಕೋರ್ಟು: ತೆಂಗಿನ ಸೀಮೆಯ ಕಂದಾಯ ನ್ಯಾಯಪೀಠ ಮತ್ತು ಅದಕ್ಕೆ ಬರುವ ಹೊಸ ಅಧಿಕಾರಿ

ಸರ್ಕಾರದ ಇಲಾಖೆಯೊಳಗೇ ಇದ್ದು, ಅದೇ ಇಲಾಖೆ ಮಾಡಿದ ತೀರ್ಮಾನದ ಮೇಲೆ ಬಂದ ತಕರಾರನ್ನು ಎರಡೂ ಕಡೆಯವರ ಮಾತು ಕೇಳಿ ಇತ್ಯರ್ಥ ಮಾಡುವ ಅಧಿಕಾರಿಯನ್ನು ಅಮೆರಿಕದಲ್ಲಿ ಆಡಳಿತ ಕಾನೂನು ನ್ಯಾಯಾಧೀಶ ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಹೆಸರಿನ ಹುದ್ದೆ ಇಲ್ಲ, ಕೆಲಸ ಮಾತ್ರ ಬೇಕಾದಷ್ಟಿದೆ. ಅದರ ದೊಡ್ಡ ಪಾಲು ಬೀಳುವುದು ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿಯ ಮೇಲೆ. ಜನರ ಬಾಯಲ್ಲಿ ಇವರು ಎಸಿ ಸಾಹೇಬರು, ಇವರ ಪೀಠ ಎಸಿ ಕೋರ್ಟು. ತುಮಕೂರು ಜಿಲ್ಲೆಯಲ್ಲಿ ಇಂಥ ಉಪವಿಭಾಗಗಳು ಮೂರು: ತುಮಕೂರು, ಮಧುಗಿರಿ ಮತ್ತು ತಿಪಟೂರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತೆಂಗಿನ ತಾಲ್ಲೂಕುಗಳು ತಿಪಟೂರು ಉಪವಿಭಾಗಕ್ಕೆ ಸೇರುತ್ತವೆ. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಯಸಂದ್ರದ ರೈತನ ಖಾತೆ ತಕರಾರು ನಾಡಕಚೇರಿಯಲ್ಲಿ ಹುಟ್ಟಿ, ತುರುವೇಕೆರೆಯ ತಹಶೀಲ್ದಾರರನ್ನು ದಾಟಿ, ಮೇಲ್ಮನವಿಯಾಗಿ ತಿಪಟೂರಿನ ಈ ಪೀಠಕ್ಕೆ ಬರುತ್ತದೆ.

ಹೊಸದಾಗಿ ಈ ಪೀಠಕ್ಕೆ ಬರುವ ಅಧಿಕಾರಿ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದರಿಂದ ಬಂದಿರುತ್ತಾರೆ. ಒಂದು ಐಎಎಸ್. ಮಸ್ಸೂರಿಯ ತರಬೇತಿ ಮತ್ತು ಜಿಲ್ಲಾ ತರಬೇತಿ ಮುಗಿಸಿದವರಿಗೆ ಉಪವಿಭಾಗವೇ ಮೊದಲ ಸ್ವತಂತ್ರ ಹುದ್ದೆ. ಇನ್ನೊಂದು ಕೆಎಎಸ್. ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಪರೀಕ್ಷೆಯಲ್ಲಿ ಆಯ್ಕೆಯಾಗಿ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಕಲಿತವರು, ಇಲ್ಲವೇ ತಹಶೀಲ್ದಾರ್ ಹುದ್ದೆಯಿಂದ ಬಡ್ತಿ ಪಡೆದು ಬಂದವರು. ಇವರಲ್ಲಿ ಎಂಜಿನಿಯರ್ ಇರಬಹುದು, ವೈದ್ಯ ಇರಬಹುದು, ಕೃಷಿ ಪದವೀಧರ ಇರಬಹುದು. ಈ ಪೀಠದಲ್ಲಿ ಕೂರಲು ಕಾನೂನು ಪದವಿ ಬೇಕೆಂಬ ನಿಯಮವಿಲ್ಲ. ಸಿವಿಲ್ ನ್ಯಾಯಾಧೀಶರಾಗಲು ಕಾನೂನು ಓದಿ, ಪರೀಕ್ಷೆ ಬರೆದು, ತೀರ್ಪು ಬರೆಯುವುದನ್ನೇ ಪ್ರತ್ಯೇಕವಾಗಿ ಕಲಿಯಬೇಕು. ಎಸಿ ಪೀಠದಲ್ಲಿ ಕೂರುವವರು ಪ್ರಭಾರ ವರ್ಗಾವಣೆ ಪತ್ರಕ್ಕೆ ರುಜು ಹಾಕಿದ ದಿನದಿಂದಲೇ ನ್ಯಾಯಾಲಯ. ಮಾತಿಗೆ ಹೇಳುವುದಲ್ಲ. ಪಕ್ಷಗಾರರ ನಡುವಿನ ಅಥವಾ ಸರ್ಕಾರ ಮತ್ತು ಪ್ರಜೆಯ ನಡುವಿನ ಪ್ರಶ್ನೆಯನ್ನು ವಿಚಾರಣೆ ಮಾಡಿ ತೀರ್ಮಾನಿಸುವಾಗ ಕಂದಾಯ ಅಧಿಕಾರಿಯೇ ಕಂದಾಯ ನ್ಯಾಯಾಲಯ ಎಂದು ಕರ್ನಾಟಕ ಭೂಕಂದಾಯ ಕಾಯ್ದೆ, 1964 ಹೇಳುತ್ತದೆ. ಸಮನ್ಸ್ ಕಳಿಸುವ, ಸಾಕ್ಷ್ಯ ದಾಖಲಿಸುವ, ದಾಖಲೆ ತರಿಸುವ ಅಧಿಕಾರಗಳೂ ಇವೆ. 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆಯ ವ್ಯಾಖ್ಯೆಯೂ ಕಾನೂನಿನ ಪ್ರಕಾರ ಅಂತಿಮ ತೀರ್ಪು ಕೊಡುವ ಅಧಿಕಾರವಿರುವ ಎಲ್ಲರನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ.

ಹಿನ್ನೆಲೆ

ಕಂದಾಯ ವಸೂಲಿ ಮತ್ತು ನ್ಯಾಯದಾನ ಎರಡೂ ಒಬ್ಬನ ಕೈಯಲ್ಲಿದ್ದದ್ದು ಮೈಸೂರು ಸೀಮೆಗೆ ಹೊಸದಲ್ಲ. 1831ರಲ್ಲಿ ಬ್ರಿಟಿಷ್ ಕಮಿಷನರ ಆಡಳಿತ ಬಂದ ಮೇಲೆ, ಮಾರ್ಕ್ ಕಬ್ಬನ್ನನ ಕಾಲದ ವ್ಯವಸ್ಥೆಯಲ್ಲಿ ತಾಲ್ಲೂಕಿನ ಅಮಲ್ದಾರನೇ ಕಂದಾಯ ಎತ್ತುತ್ತಿದ್ದ, ಸಣ್ಣ ವ್ಯಾಜ್ಯಗಳನ್ನೂ ಕೇಳುತ್ತಿದ್ದ. ಎಲ್ಲಕ್ಕೂ ಮೇಲೆ ಹುಜೂರ್ ಅದಾಲತ್ ಇತ್ತು. ಬೌರಿಂಗ್ 1862ರಿಂದ ಆಡಳಿತವನ್ನು ಹೊಸದಾಗಿ ಕಟ್ಟಿದ. 1884ರಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಗಿ ಸಿವಿಲ್ ನ್ಯಾಯಾಂಗ ತನ್ನದೇ ದಾರಿ ಹಿಡಿಯಿತು. 1888ರ ಮೈಸೂರು ಭೂಕಂದಾಯ ಸಂಹಿತೆ ಜಮೀನಿನ ದಾಖಲೆಯ ತಕರಾರುಗಳನ್ನು ಕಂದಾಯ ಅಧಿಕಾರಿಗಳ ಬಳಿಯೇ ಉಳಿಸಿತು. ಈಗಿನ 1964ರ ಕಾಯ್ದೆ ಬಂದದ್ದು ಅದರ ಜಾಗಕ್ಕೆ. ಮುಂದೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆ ಕ್ರಿಮಿನಲ್ ಮೊಕದ್ದಮೆಗಳ ವಿಚಾರಣೆಯನ್ನು ಕಾರ್ಯಾಂಗದ ಮ್ಯಾಜಿಸ್ಟ್ರೇಟರಿಂದ ದೇಶದಾದ್ಯಂತ ಬಿಡಿಸಿ ನ್ಯಾಯಾಂಗಕ್ಕೆ ಕೊಟ್ಟಿತು. ಸಂವಿಧಾನದ 50ನೇ ವಿಧಿ ಬಯಸಿದ್ದು ಇದನ್ನೇ. ಭೂ ದಾಖಲೆಯ ವ್ಯಾಜ್ಯಗಳಿಗೆ ಮಾತ್ರ ಆ ಬಿಡುಗಡೆ ಇಂದಿಗೂ ಸಿಕ್ಕಿಲ್ಲ.

ಮೈಸೂರು ಸಿವಿಲ್ ಸರ್ವಿಸಿನ ಪ್ರೊಬೇಷನರುಗಳಲ್ಲಿ ಹಲವರು ಕನ್ನಡಕ್ಕೂ ದುಡಿದವರು. 1914ರಲ್ಲಿ ಸೇವೆಗೆ ಸೇರಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಸಿಸ್ಟೆಂಟ್ ಕಮಿಷನರಾಗಿ, ಡೆಪ್ಯುಟಿ ಕಮಿಷನರಾಗಿ ಕೆಲಸ ಮಾಡಿ 1943ರಲ್ಲಿ ತಾವಾಗಿ ನಿವೃತ್ತರಾದರು. ಅವರ ಆತ್ಮಕಥೆ ‘ಭಾವ’ದಲ್ಲಿ ಅಧಿಕಾರದ ದಿನಗಳು ವಿವರವಾಗಿ ಬರುತ್ತವೆ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಅಮಲ್ದಾರಿಕೆಯ ಒಳಹೊರಗನ್ನು ತಿಳಿಯಲು ಇಂದಿಗೂ ಒಳ್ಳೆಯ ಪುಸ್ತಕ. ಈಗಿನ ತರಬೇತಿ ಕೈಪಿಡಿಗಳ ಜೊತೆ ಇವನ್ನೂ ಓದಲು ಕೊಟ್ಟರೆ ನಷ್ಟವೇನಿಲ್ಲ.

ಪೀಠದ ಮುಂದೆ ಬರುವ ಪ್ರಕರಣಗಳು

ಹೊಸ ಅಧಿಕಾರಿ ಮೊದಲ ವಾರದಲ್ಲಿ ಕೇಳಿ ತರಿಸಿಕೊಳ್ಳಬೇಕಾದ್ದು ಬಾಕಿ ಪ್ರಕರಣಗಳ ಪಟ್ಟಿ. ಅದರಲ್ಲಿ ಒಂದೇ ಕಾನೂನಿನ ವ್ಯಾಜ್ಯಗಳಿರುವುದಿಲ್ಲ. ಸಂಖ್ಯೆಯಲ್ಲಿ ಹೆಚ್ಚಿರುವುದು ಭೂಕಂದಾಯ ಕಾಯ್ದೆಯ 136(2)ನೇ ಕಲಮಿನ ಮೇಲ್ಮನವಿಗಳು, ಅಂದರೆ ಖಾತೆ ಬದಲಾವಣೆಯ ತಕರಾರುಗಳು. ಅವುಗಳ ಪಕ್ಕದಲ್ಲೇ ಪಿಟಿಸಿಎಲ್ ಪ್ರಕರಣಗಳು ಇರುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾಗಿದ್ದರೆ ಅದನ್ನು ಮೂಲ ಮಂಜೂರಿದಾರರಿಗೋ ಅವರ ವಾರಸುದಾರರಿಗೋ ಮರಳಿಸುವ 1978ರ ಕಾಯ್ದೆ ಇದು, 1979ರ ಜನವರಿ 1ರಿಂದ ಜಾರಿಯಲ್ಲಿದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಕಾರಣವಿಲ್ಲದೆ ವರ್ಷಾನುಗಟ್ಟಲೆ ತಡಮಾಡಿ ಬಂದ ಅರ್ಜಿಯನ್ನು ಪರಿಗಣಿಸಬಾರದು ಎಂದಿತು. ಆ ಮಾತಿನ ಆಧಾರದ ಮೇಲೆ ರಾಜ್ಯದಲ್ಲಿ ಅರ್ಜಿಗಳು ಬೀಳತೊಡಗಿದಾಗ ದಲಿತ ಸಂಘಟನೆಗಳು ಹೋರಾಟಕ್ಕಿಳಿದವು, 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿ ಅನ್ವಯಿಸದು ಎಂದು ಬರೆಯಿತು. ಹೀಗೆ ನ್ಯಾಯಾಲಯ ಒಂದು ಕಡೆಗೆ, ಶಾಸನ ಇನ್ನೊಂದು ಕಡೆಗೆ ಎಳೆದ ಜಾಗದಲ್ಲಿ ಹೊಸ ಅಧಿಕಾರಿ ಆದೇಶ ಬರೆಯಬೇಕು. ಅಲ್ಲಿ ಅವರಿಗೆ ಆಸರೆಯಾಗುವುದು ಮಂಜೂರಾತಿಯ ಮೂಲ ಕಡತ: ಸಾಗುವಳಿ ಚೀಟಿ ಯಾವ ವರ್ಷದ್ದು, ಎಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತಿತ್ತು, ಕ್ರಯವಾದದ್ದು ಯಾವಾಗ. ದರಖಾಸ್ತು ರಿಜಿಸ್ಟರಿನ ಆ ಒಂದು ಪುಟ ಸಿಕ್ಕರೆ ಪ್ರಕರಣ ಅರ್ಧ ಮುಗಿದ ಹಾಗೆ. ಸಿಗದಿದ್ದರೆ ಕಡತ ವಾಯಿದೆಯಿಂದ ವಾಯಿದೆಗೆ ನಡೆಯುತ್ತದೆ.

ಮೂರನೆಯ ಬಗೆ ಹಿರಿಯ ನಾಗರಿಕರದು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರಂತೆ ಎಸಿಯೇ ನಿರ್ವಹಣಾ ನ್ಯಾಯಮಂಡಳಿಯ ಅಧ್ಯಕ್ಷ. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. ತೋಟವನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಅನ್ನ ಹಾಕುವವರಿಲ್ಲದೆ ಬಂದ ತಾಯಿಗೆ, 23ನೇ ಕಲಮಿನಡಿ ಆ ಪತ್ರವನ್ನೇ ಶೂನ್ಯವೆಂದು ಘೋಷಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತು ಇತ್ತೆಂಬುದು ಸಾಬೀತಾಗಬೇಕು ಎಂದು 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿತ್ತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದಿತು. ಎರಡನ್ನೂ ಓದಿಕೊಳ್ಳದೆ ಆದೇಶ ಬರೆದರೆ ಮೇಲಿನ ಹಂತದಲ್ಲಿ ಬೀಳುತ್ತದೆ.

ಉಳಿದವು ಚೂರುಪಾರು. 1974ರ ಭೂಸುಧಾರಣೆಯ ಕಾಲದ, ದೇವರಾಜ ಅರಸು ಸರ್ಕಾರ ತಂದ ಗೇಣಿದಾರರ ಫಾರಂ 7ರ ಅರ್ಜಿಗಳು ಉಚ್ಚ ನ್ಯಾಯಾಲಯದಿಂದ ಮರುವಿಚಾರಣೆಗೆ ವಾಪಸು ಬಂದು ಈಗಲೂ ಅಲ್ಲಲ್ಲಿ ಉಳಿದಿರುತ್ತವೆ. ಭೂನ್ಯಾಯಮಂಡಳಿಗೂ ಎಸಿಯೇ ಅಧ್ಯಕ್ಷರು. ವಯಸ್ಸಿನಲ್ಲಿ ತನಗಿಂತ ಹಿರಿದಾದ ಕಡತವನ್ನು ಯುವ ಅಧಿಕಾರಿ ತೆರೆಯುವುದು ಇಲ್ಲಿ ವಿಶೇಷವೇನಲ್ಲ. ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ, ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳು ಒಂದು ಕಾಲಕ್ಕೆ ಬಹಳವಿದ್ದವು. 2020ರ ತಿದ್ದುಪಡಿ ಆ ಕಲಮುಗಳನ್ನೇ ತೆಗೆದುಹಾಕಿತು. ಇದಲ್ಲದೆ ಎಸಿ ಉಪವಿಭಾಗ ದಂಡಾಧಿಕಾರಿಯೂ ಹೌದು: ಶಾಂತಿಭಂಗದ ಮುಚ್ಚಳಿಕೆ, ಸಾರ್ವಜನಿಕ ಉಪದ್ರವ, ಜಮೀನಿನ ಸ್ವಾಧೀನದ ಗಲಾಟೆ. ಹಿಂದೆ 107, 133, 145 ಎಂದು ಎಲ್ಲರ ಬಾಯಲ್ಲಿದ್ದ ಈ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126, 152, 164 ಆಗಿವೆ. ವರ್ಷ ಕಳೆದ ಜನನ ಮರಣದ ನೋಂದಣಿಗೆ ಆದೇಶ ಕೊಡುವ ಕೆಲಸವನ್ನೂ 2023ರ ಕೇಂದ್ರ ತಿದ್ದುಪಡಿ ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಂದ ಕಾರ್ಯಾಂಗದ ಕಡೆಗೆ ದಾಟಿಸಿದೆ.

ಒಂದು ಪೌತಿ ಖಾತೆ

ಈ ಪೀಠದ ಕೆಲಸ ಎಂಥದ್ದು, ಅದರ ಎಲ್ಲೆ ಎಲ್ಲಿದೆ ಎಂಬುದು ಪೌತಿ ಖಾತೆಯ, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ, ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಮುಂದೆ ಹೇಳುವುದು ಮಾದರಿಗೆ ಮಾತ್ರ, ಯಾವುದೇ ಮನೆಯ ಕತೆಯಲ್ಲ. ಮಾಯಸಂದ್ರ ಹೋಬಳಿಯ ಒಂದು ಹಳ್ಳಿಯಲ್ಲಿ 2 ಎಕರೆ 10 ಗುಂಟೆ ತೆಂಗಿನ ತೋಟ. ಯಜಮಾನ ತೀರಿಕೊಂಡ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳನ್ನು ಬೇರೆ ತಾಲ್ಲೂಕಿಗೆ ಮದುವೆ ಮಾಡಿ ಕೊಟ್ಟಿದೆ. ದೊಡ್ಡ ಮಗ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ. ವಂಶವೃಕ್ಷದಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದೆ. ಗ್ರಾಮ ಆಡಳಿತ ಅಧಿಕಾರಿ ಮಹಜರು ಮಾಡಿ ತಕರಾರು ಆಹ್ವಾನಿಸುವ ನೋಟೀಸು ಅಂಟಿಸಿದರು. ಯಾರೂ ಬರಲಿಲ್ಲ. ರಾಜಸ್ವ ನಿರೀಕ್ಷಕರು ಎಂ.ಆರ್. (ಖಾತೆ ಬದಲಾವಣೆಯ ನಮೂದು) ಮಂಜೂರು ಮಾಡಿದರು, ಪಹಣಿಯ 9ನೇ ಕಾಲಮ್ಮಿನಲ್ಲಿ ಅಣ್ಣತಮ್ಮಂದಿರ ಹೆಸರು ಬಂತು. ವರ್ಷಗಳು ಕಳೆದ ಮೇಲೆ, ತೋಟದ ಒಂದು ಭಾಗ ಮಾರುವ ಮಾತು ಬಂದಾಗ, ಅಕ್ಕತಂಗಿಯರಿಗೆ ವಿಷಯ ತಿಳಿದು ಎಸಿ ಕೋರ್ಟಿಗೆ ಬಂದರು.

ಅಧಿಕಾರಿ ಮೊದಲು ನೋಡಬೇಕಾದ್ದು ಕಾಲಮಿತಿ. ಆದೇಶ ತಲುಪಿದ ಅಥವಾ ನಮೂದು ತಿಳಿದ ದಿನದಿಂದ 60 ದಿನದೊಳಗೆ ಮೇಲ್ಮನವಿ ಎಂದು ಕಾಯ್ದೆ ಹೇಳುತ್ತದೆ. ತಿಳಿದ ದಿನ ಯಾವುದು? ಅಣ್ಣನ ವಕೀಲರು ಹಬ್ಬಕ್ಕೆ ಬಂದಾಗಲೇ ಗೊತ್ತಿತ್ತು ಎನ್ನುತ್ತಾರೆ, ತಂಗಿಯ ವಕೀಲರು ಪಹಣಿ ತೆಗೆಸಿದ ದಿನವೇ ಗೊತ್ತಾದದ್ದು ಎನ್ನುತ್ತಾರೆ. ಎರಡನೆಯದು ನೋಟೀಸು. ಚಾವಡಿಯ ಬೋರ್ಡಿಗೆ ಅಂಟಿಸಿದ ಕಾಗದ ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತಲುಪಿದ ಹಾಗೆ ಲೆಕ್ಕವೇ? ಇಲ್ಲಿ ಕೆಳಗಿನ ಕಡತ ತರಿಸಿ ನೋಡಬೇಕು, ವಕೀಲರ ಮಾತಿನ ಮೇಲೆ ಬಿಡುವಂತಿಲ್ಲ. ಮೂರನೆಯದು ಹಕ್ಕು. ಕರ್ನಾಟಕದಲ್ಲಿ 1994ರ ರಾಜ್ಯ ತಿದ್ದುಪಡಿಯೂ ಇಡೀ ದೇಶಕ್ಕೆ 2005ರ ಕೇಂದ್ರ ತಿದ್ದುಪಡಿಯೂ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಭಾಗಿಗಳನ್ನಾಗಿ ಮಾಡಿವೆ. 2020ರ ವಿನೀತಾ ಶರ್ಮಾ ತೀರ್ಪು ಉಳಿದಿದ್ದ ಅನುಮಾನವನ್ನೂ ಬಗೆಹರಿಸಿತು. ಆದರೂ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ನಿಂತಿಲ್ಲ. ಕೆಲವೊಮ್ಮೆ ‘ಬಿಟ್ಟುಹೋಗುವುದು’ ಎನ್ನುವುದು ಮರ್ಯಾದೆಯ ಮಾತಷ್ಟೆ.

ಹಾಗಾದರೆ ಎಸಿ ನಾಲ್ವರಿಗೂ ಕಾಲುಭಾಗ ಎಂದು ತೀರ್ಪು ಕೊಟ್ಟುಬಿಡಬಹುದೇ? ಇಲ್ಲ. ಹೊಸ ಅಧಿಕಾರಿ ಎಡವುವ ಮೊದಲ ಜಾಗ ಇದು. ಖಾತೆ ಕಂದಾಯ ಕಟ್ಟುವವರು ಯಾರೆಂದು ತೋರಿಸುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಸಾವರ್ಣಿ ಪ್ರಕರಣದಿಂದ 2021ರ ಜಿತೇಂದ್ರ ಸಿಂಗ್ ಪ್ರಕರಣದವರೆಗೆ ಮತ್ತೆ ಮತ್ತೆ ಹೇಳಿದೆ. ಭೂಕಂದಾಯ ಕಾಯ್ದೆಯ 133ನೇ ಕಲಮು ಪಹಣಿಯ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು ಎನ್ನುತ್ತದೆ. 135ನೇ ಕಲಮು ಹಕ್ಕು ಘೋಷಣೆ ಬೇಕಾದವರು ಸಿವಿಲ್ ದಾವೆ ಹೂಡಿ, ಬಂದ ಡಿಕ್ರಿಯಂತೆ ದಾಖಲೆ ತಿದ್ದಿಸಿಕೊಳ್ಳಿ ಎನ್ನುತ್ತದೆ. ಆದ್ದರಿಂದ ಎಸಿ ಮಾಡಬಹುದಾದದ್ದು ಇಷ್ಟು: ನೋಟೀಸಿಲ್ಲದೆ ಆದ ಖಾತೆಯನ್ನು ರದ್ದುಮಾಡಿ, ಎಲ್ಲ ವಾರಸುದಾರರಿಗೂ ತಿಳಿವಳಿಕೆ ಕೊಟ್ಟು ಹೊಸದಾಗಿ ವಿಚಾರಣೆ ಮಾಡಿ ಎಂದು ತಹಶೀಲ್ದಾರರಿಗೆ ವಾಪಸು ಕಳಿಸಬಹುದು, ಅಥವಾ ವಾರಸುದಾರಿಕೆಯಲ್ಲಿ ವಿವಾದವೇ ಇಲ್ಲದಿದ್ದರೆ ನಾಲ್ವರ ಹೆಸರನ್ನೂ ಜಂಟಿಯಾಗಿ ಸೇರಿಸಲು ಹೇಳಬಹುದು. ಅಣ್ಣ ಒಂದು ಮರಣಶಾಸನ ತಂದು ಮೇಜಿನ ಮೇಲಿಟ್ಟ ಕ್ಷಣದಿಂದ, ಅದು ನಿಜವೇ ಸುಳ್ಳೇ ಎಂಬುದು ಸಿವಿಲ್ ನ್ಯಾಯಾಲಯದ ಪ್ರಶ್ನೆ. ಕಣ್ಣೆದುರು ಅನ್ಯಾಯ ಕಾಣುತ್ತಿರುವಾಗ ಕೈ ಹಿಂದೆಗೆಯುವುದು ಯುವ ಅಧಿಕಾರಿಗೆ ಕಷ್ಟ. ಆದರೆ ಅಧಿಕಾರ ವ್ಯಾಪ್ತಿ ಮೀರಿ ಬರೆದ ಒಳ್ಳೆಯ ಆದೇಶ ಉಚ್ಚ ನ್ಯಾಯಾಲಯದಲ್ಲಿ ರದ್ದಾಗಿ ಬಂದಾಗ ಅಕ್ಕತಂಗಿಯರು ಕಳೆದುಕೊಂಡಿರುವುದು ಐದಾರು ವರ್ಷ.

ತೆಂಗಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ರಾಗಿ ಹೊಲಕ್ಕೆ ಯಥಾಸ್ಥಿತಿ ಆದೇಶ ಕೊಟ್ಟರೆ ಅದರ ಅರ್ಥ ವರ್ಷಕ್ಕೊಂದು ಬೆಳೆಯ ಪ್ರಶ್ನೆ. ತೆಂಗಿನ ತೋಟದಲ್ಲಿ ವರ್ಷಕ್ಕೆ ಹಲವು ಸಲ ಕಾಯಿ ಕೀಳಿಸುತ್ತಾರೆ. ಯಥಾಸ್ಥಿತಿ ಎಂದರೆ ಕಾಯಿ ಕೀಳುವವರು ಯಾರು? ಕಿತ್ತ ಕಾಯಿ ಕೂಡಲೇ ಸಂತೆಗೆ ಹೋಗುವುದೂ ಇಲ್ಲ. ಅಟ್ಟ ಸೇರಿ, ಹೆಚ್ಚುಕಡಿಮೆ ವರ್ಷ ಒಣಗಿ ಉಂಡೆ ಕೊಬ್ಬರಿಯಾಗಿ ತಿಪಟೂರು ಎಪಿಎಂಸಿಗೆ ಬರುತ್ತದೆ. ಈ ವರ್ಷದ ಜಗಳದ ಕಾಯಿ ಮುಂದಿನ ವರ್ಷದ ದುಡ್ಡು. ಆ ದುಡ್ಡಿನ ಲೆಕ್ಕ ಕೇಳುವ ಅಧಿಕಾರ ಈ ಪೀಠಕ್ಕಿಲ್ಲ. ಹಾಗೆಂದು ಪಹಣಿಯ ಹೆಸರು ಬರೀ ಕಾಗದದ ಹೆಸರಾಗಿಯೂ ಉಳಿದಿಲ್ಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು. ಆ ಬೆಲೆಗೆ ನಡೆಯುವ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರ ಗುರುತಿನ ಫ್ರೂಟ್ಸ್ ಸಂಖ್ಯೆ ಬೇಕು, ಆ ಸಂಖ್ಯೆ ಪಹಣಿಗೆ ಜೋಡಣೆಯಾಗಿರುತ್ತದೆ. ಬೆಳೆ ಸಾಲವೂ ಹಾಗೇ. ಹೀಗಾಗಿ ‘ಖಾತೆಯಿಂದ ಹಕ್ಕು ಹುಟ್ಟದು’ ಎಂಬ ಕಾನೂನಿನ ಮಾತನ್ನು ತೋಟದವರು ಪೂರ್ತಿ ಒಪ್ಪುವುದಿಲ್ಲ, ಅವರ ಅನುಭವ ಬೇರೆಯೇ ಹೇಳುತ್ತದೆ. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರ ಹೆಸರಿಗೆ ತರಲು 2025ರಲ್ಲಿ ಸರ್ಕಾರ ಇ-ಪೌತಿ ಆಂದೋಲನ ಹಮ್ಮಿಕೊಂಡಿತು. ಅದು ಹೆಚ್ಚು ಖಾತೆ ಮಾಡಿದಷ್ಟೂ 136(2)ರ ಮೇಲ್ಮನವಿಗಳು ಕೆಲಕಾಲ ಹೆಚ್ಚುವುದನ್ನು ನಿರೀಕ್ಷಿಸಬಹುದು.

ವಿಚಾರಣೆಯ ದಿನ

ವಿಚಾರಣೆ ದಿನದ ಪ್ರಕರಣ ಪಟ್ಟಿ ಕಚೇರಿಯ ಫಲಕದಲ್ಲಿ ಇರುತ್ತದೆ, ಈಗ ಆರ್‌ಸಿಸಿಎಂಎಸ್ ಎಂಬ ಕಂದಾಯ ನ್ಯಾಯಾಲಯಗಳ ತಂತ್ರಾಂಶದಲ್ಲೂ ಇರುತ್ತದೆ. ದಲಾಯತ್ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾನೆ. ವಿಷಯ ನಿರ್ವಾಹಕರು ಕಡತ ಮುಂದಿಡುತ್ತಾರೆ. ಕಪ್ಪು ಕೋಟಿನ ವಕೀಲರ ಜೊತೆ ಪಂಚೆಯ ಮೇಲೆ ಟವಲ್ ಹೊದ್ದ ಪಕ್ಷಗಾರರು ನಿಂತಿರುತ್ತಾರೆ. ಸೀರೆ ಸೆರಗಿನಲ್ಲಿ ಹಳೆಯ ಕೈಬರಹದ ಪಹಣಿ ಸುತ್ತಿಕೊಂಡು ಬಂದ ಅಜ್ಜಿಯೂ ಇರಬಹುದು. ‘ಎದುರುದಾರರು ಗೈರು, ನೋಟೀಸು ಜಾರಿಯಾಗಿಲ್ಲ, ಮುಂದಿನ ವಾಯಿದೆ’ ಎಂದು ಆದೇಶ ಹಾಳೆಯಲ್ಲಿ ಒಂದು ಸಾಲು ಬೀಳುತ್ತದೆ. ಆ ಒಂದು ಸಾಲಿಗಾಗಿ ಮಾಯಸಂದ್ರದ ಕಡೆಯವರು ಬೆಳಿಗ್ಗೆ ಬಸ್ಸು ಹತ್ತಿ ತುರುವೇಕೆರೆ ದಾಟಿ ತಿಪಟೂರಿಗೆ ಬಂದು ಒಂದು ದಿನದ ಕೂಲಿ ಕಳೆದುಕೊಂಡಿರುತ್ತಾರೆ. ಹೊಸ ಅಧಿಕಾರಿ ಒಂದೇ ಒಂದು ಸುಧಾರಣೆ ಮಾಡಬಹುದಾದರೆ ಅದು ನೋಟೀಸು ಜಾರಿಯ ಮೇಲೆ ಕಣ್ಣಿಡುವುದು. ಜಾರಿಯಾಗದ ನೋಟೀಸಿನಷ್ಟು ವಾಯಿದೆಗಳನ್ನು ತಿನ್ನುವುದು ಬೇರೊಂದಿಲ್ಲ.

ಇಲ್ಲಿನ ಕಲಾಪವೂ ಆದೇಶವೂ ಕನ್ನಡದಲ್ಲಿ ನಡೆಯುತ್ತವೆ. ಪೋಡಿ, ದುರಸ್ತಿ, ಆಕಾರ್‌ಬಂದ್, ಹದ್ದುಬಸ್ತು, ಖರಾಬು, ಷರಾ ಮುಂತಾದ ಮಾತುಗಳು ಹೊರರಾಜ್ಯದಿಂದ ಬಂದ ಐಎಎಸ್ ಅಧಿಕಾರಿಗೆ ಹೊಸವು, ಬೆಂಗಳೂರಿನಲ್ಲಿ ಓದಿ ಬಂದ ಕನ್ನಡಿಗನಿಗೂ ಹೆಚ್ಚುಕಡಿಮೆ ಅಷ್ಟೇ ಹೊಸವು. ಅವನ್ನು ಕಲಿಸುವವರು ಶಿರಸ್ತೇದಾರರು ಮತ್ತು ಹಳೆಯ ಗುಮಾಸ್ತರು. ಸರ್ವೆ ಟಿಪ್ಪಣಿ ಓದುವುದನ್ನು ಭೂಮಾಪಕರ ಜೊತೆ ಜಮೀನಿಗೆ ಹೋಗಿ ಚಕ್‌ಬಂದಿ ನೋಡಿಯೇ ಕಲಿಯಬೇಕು. ಈ ಅವಲಂಬನೆಗೆ ಒಂದು ಅಪಾಯವೂ ಇದೆ. ಕಲಿಸಿದವರೇ ಕರಡು ಆದೇಶವನ್ನೂ ಬರೆದು ತಂದರೆ, ರುಜು ಮಾತ್ರ ಪೀಠದ್ದಾಗುತ್ತದೆ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದಲ್ಲಿದ್ದ ತಪ್ಪುಗಳು, ಏರಿಸುವಾಗ ಹೊಸದಾಗಿ ಆದ ತಪ್ಪುಗಳು, ಎರಡೂ ತಿದ್ದುಪಡಿ ಅರ್ಜಿಗಳಾಗಿ ಇಂದಿಗೂ ಬರುತ್ತಿವೆ. ಸಾಲು ತಪ್ಪಿದ ಒಂದು ಹೆಸರಿನ ಹಿಂದೆ ನಾಲ್ಕು ದಶಕದ ದಾಖಲೆ ತೆಗೆದು ಓದುವ ತಾಳ್ಮೆ ಈ ಕೆಲಸಕ್ಕೆ ಬೇಕೇಬೇಕು.

ಪೀಠದ ಶಿಸ್ತು

ಕಾನೂನು ಪದವಿ ಇಲ್ಲದವರು ಈ ಪೀಠದಲ್ಲಿ ಕೂತು ಕೆಲಸ ಮಾಡಬಲ್ಲರು ಎಂಬುದಕ್ಕೆ ಆಧಾರ ಸಹಜ ನ್ಯಾಯದ ಕೆಲವೇ ನಿಯಮಗಳು. ತನಗೆ ಸಂಬಂಧಿಸಿದ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು. ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ನಡೆದ ಆಯ್ಕೆಯಲ್ಲಿ ಅಭ್ಯರ್ಥಿಯೊಬ್ಬರೇ ಆಯ್ಕೆ ಮಂಡಳಿಯಲ್ಲಿ ಕೂತಿದ್ದನ್ನು 1969ರ ಕ್ರೈಪಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿ, ಆಡಳಿತ ಕ್ರಮ ಮತ್ತು ಅರೆನ್ಯಾಯಿಕ ಕ್ರಮಗಳ ನಡುವಿನ ಗೆರೆ ತೆಳುವಾಗುತ್ತಿದೆ ಎಂದಿತು. ಆದೇಶಕ್ಕೆ ಕಾರಣ ಕೊಡಬೇಕು. 1976ರ ಸೀಮೆನ್ಸ್ ಪ್ರಕರಣ ಇದನ್ನು ಅರೆನ್ಯಾಯಿಕ ಆದೇಶಗಳಿಗೆಲ್ಲ ಕಡ್ಡಾಯ ಮಾಡಿತು. ‘ಕಡತ ಪರಿಶೀಲಿಸಲಾಗಿ, ಮೇಲ್ಮನವಿಯಲ್ಲಿ ಹುರುಳಿಲ್ಲದಿರುವುದು ಕಂಡುಬಂದಿದ್ದು ವಜಾ ಮಾಡಿದೆ’ ಎಂಬ ಮಾದರಿಯ ಆದೇಶ ಈ ಪರೀಕ್ಷೆಯಲ್ಲಿ ನಿಲ್ಲದು.

ಹೊಸಬರಿಗೆ ನೇರವಾಗಿ ತಾಗುವ ನಿಯಮ ಮೂರನೆಯದು: ಕೇಳಿದವರೇ ತೀರ್ಮಾನಿಸಬೇಕು. ಆಂಧ್ರದಲ್ಲಿ ಬಸ್ ಮಾರ್ಗಗಳ ರಾಷ್ಟ್ರೀಕರಣಕ್ಕೆ ಬಂದ ಆಕ್ಷೇಪಣೆಗಳನ್ನು ಇಲಾಖೆಯ ಕಾರ್ಯದರ್ಶಿ ಕೇಳಿ, ಆದೇಶವನ್ನು ಮುಖ್ಯಮಂತ್ರಿ ಮಾಡಿದ್ದರು. 1959ರ ಗುಲ್ಲಪಲ್ಲಿ ನಾಗೇಶ್ವರರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸಿದರೆ ವಿಚಾರಣೆ ಬರೀ ಶಾಸ್ತ್ರವಾಗುತ್ತದೆ ಎಂದು ಅದನ್ನು ತಳ್ಳಿಹಾಕಿತು. ಎಸಿ ಕೋರ್ಟಿನಲ್ಲಿ ಇದರ ಅರ್ಥ ಸರಳ: ಹಿಂದಿನವರು ವಾದ ಕೇಳಿ ಆದೇಶಕ್ಕೆ ಕಾಯ್ದಿರಿಸಿ ವರ್ಗವಾಗಿ ಹೋದ ಕಡತಗಳನ್ನು ಹೊಸಬರು ಮತ್ತೆ ತೆರೆದು ವಾದ ಕೇಳಬೇಕು. ಅಧಿಕಾರಿಗಳು ಮೇಲಿಂದ ಮೇಲೆ ಬದಲಾದಷ್ಟೂ ಅದೇ ವಾದವನ್ನು ಅದೇ ವಕೀಲರು ಹೊಸ ಕಿವಿಗೆ ಹೇಳುತ್ತಾರೆ. ವಿಳಂಬಕ್ಕೆ ಜನ ವಕೀಲರನ್ನು ಬೈಯುವುದುಂಟು. ವರ್ಗಾವಣೆಯ ಪಾಲು ಅದಕ್ಕಿಂತ ಕಡಿಮೆಯೇನಲ್ಲ.

ಬೇರೆ ಮಾದರಿಗಳು

ಅಮೆರಿಕದಲ್ಲಿ 1946ರ ಆಡಳಿತ ಕಾರ್ಯವಿಧಾನ ಕಾಯ್ದೆ ಇಂಥ ತೀರ್ಪುಗಾರರನ್ನು ಇಲಾಖೆಯ ತನಿಖೆ, ವಕಾಲತ್ತಿನ ಕೆಲಸಗಳಿಂದ ಬೇರ್ಪಡಿಸಿತು. ಮೊದಲು ವಿಚಾರಣಾ ಪರೀಕ್ಷಕರೆಂದು ಕರೆಸಿಕೊಳ್ಳುತ್ತಿದ್ದವರು 1972ರಿಂದ ನ್ಯಾಯಾಧೀಶರಾದರು. ಅವರಲ್ಲಿ ಬಹುಪಾಲು ಮಂದಿ ಸಾಮಾಜಿಕ ಭದ್ರತಾ ಇಲಾಖೆಯ ಅಂಗವಿಕಲ ಪಿಂಚಣಿಯಂಥ ಪ್ರಕರಣಗಳನ್ನು ಕೇಳುತ್ತಾರೆ. ಅವರಿಗೆ ಅದೊಂದೇ ಕೆಲಸ. ನಮ್ಮಲ್ಲೂ ಪೂರ್ಣಾವಧಿ ನ್ಯಾಯಾಧಿಕರಣಗಳು ಇಲ್ಲದಿಲ್ಲ. ಸರ್ಕಾರಿ ನೌಕರರ ಸೇವಾ ವಿಷಯಗಳಿಗೆ, ಸಂವಿಧಾನದ 323ಎ ವಿಧಿ ಮತ್ತು 1985ರ ಕೇಂದ್ರ ಕಾಯ್ದೆಯ ಆಧಾರದ ಮೇಲೆ 1986ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಜಿಲ್ಲಾಧಿಕಾರಿಗಳ ಮೂಲ ಆದೇಶಗಳ ಮೇಲೆ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ ಇದೆ. ಮೇಲಿನ ಹಂತದಲ್ಲಿ ವಿಶೇಷ ಪೀಠ, ತಳದಲ್ಲಿ ಅರೆಕಾಲಿಕ ಪೀಠ, ಇದು ನಮ್ಮ ವ್ಯವಸ್ಥೆಯ ವೈಚಿತ್ರ್ಯ. ತಳದಲ್ಲಿ ಕೂತ ಎಸಿಗೆ ಮತದಾರರ ಪಟ್ಟಿಯ ಕೆಲಸವಿದೆ, ಚುನಾವಣೆಯಿದೆ, ಮಂತ್ರಿಗಳ ಪ್ರವಾಸವಿದೆ, ಭೂಸ್ವಾಧೀನವಿದೆ, ಕೊಬ್ಬರಿ ಬೆಲೆ ಕುಸಿದರೆ ರಸ್ತೆಗಿಳಿದ ಬೆಳೆಗಾರರ ಮನವಿ ಸ್ವೀಕರಿಸುವುದೂ ಇದೆ. ಇವುಗಳಲ್ಲಿ ಯಾವುದು ಬಂದರೂ ಮೊದಲು ಮುಂದಕ್ಕೆ ಹೋಗುವುದು ನ್ಯಾಯಾಲಯದ ಪಟ್ಟಿ. ಕಂದಾಯ ಇಲಾಖೆ ಈಚಿನ ವರ್ಷಗಳಲ್ಲಿ ಬಾಕಿ ಪ್ರಕರಣಗಳ ಮೇಲೆ ಒತ್ತಡ ಹಾಕಿ, ಅಭಿಲೇಖಾಲಯಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯದೇ. ಆದರೆ ಪ್ರತಿ ಉಪವಿಭಾಗದಲ್ಲಿ ವಾರದ ಎರಡು ದಿನವನ್ನಾದರೂ ಯಾವ ಪ್ರೋಟೋಕಾಲೂ ಮುಟ್ಟದ ಹಾಗೆ ವಿಚಾರಣೆಗೆ ಮೀಸಲಿಡದೆ ಈ ಹೊರೆ ಇಳಿಯದು.

ಮೇಲ್ಮನವಿಯ ದಾರಿ

136(2)ರಡಿ ಎಸಿ ಕೊಟ್ಟ ತೀರ್ಮಾನ ಅಂತಿಮ ಎಂದು ಕಾಯ್ದೆಯ ಅಕ್ಷರ ಹೇಳಿದರೂ, 136(3)ರಡಿ ಅದನ್ನು ಪುನರೀಕ್ಷಿಸುವ ಅಧಿಕಾರ ತುಮಕೂರಿನ ಜಿಲ್ಲಾಧಿಕಾರಿಗಳಿಗಿದೆ. ಪಿಟಿಸಿಎಲ್ ಆದೇಶದ ಮೇಲೆ 5ಎ ಕಲಮಿನಡಿ, ಹಿರಿಯ ನಾಗರಿಕರ ಆದೇಶದ ಮೇಲೆ 16ನೇ ಕಲಮಿನಡಿ ಮೇಲ್ಮನವಿ ಹೋಗುವುದೂ ಅವರಲ್ಲಿಗೇ. ಅದರ ಮೇಲೆ ಬೆಂಗಳೂರಿನ ಉಚ್ಚ ನ್ಯಾಯಾಲಯದ ರಿಟ್. ತೋಟದ ಖಾತೆಯಲ್ಲಿ ತಕರಾರಿರುವವರು ಪಹಣಿ ಮತ್ತು ಎಂ.ಆರ್.ನ ದೃಢೀಕೃತ ನಕಲನ್ನು ಮೊದಲು ತೆಗೆಸಿ, ನಮೂದು ತಿಳಿದ ದಿನವನ್ನು ಬರೆದಿಟ್ಟುಕೊಂಡು, 60 ದಿನದೊಳಗೆ ತಿಪಟೂರಿನ ಪೀಠಕ್ಕೆ ಮೇಲ್ಮನವಿ ಹಾಕಬೇಕು; ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನೂ ಅದರ ಜೊತೆಗೇ ಕೊಡಬೇಕು.